ಕಟ್ಟಿಗೆ ಹಳಿ, ಕೈಯಲ್ಲಿ ಬ್ರೇಕ್: ಲೂನಾ ಪಾರ್ಕ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯ ಉತ್ತರವೊಂದರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಲೂನಾ ಪಾರ್ಕ್ ಎಂಬ ಮೋಜಿನ ಆಟಗಳ ಪಾರ್ಕ್ ಬಗ್ಗೆ ಎರಡು ಮಾತು ಬರೆದಿದ್ದೆ. ಅಲ್ಲಿಯ ಕಟ್ಟಿಗೆ ರೈಲಿಗೆ, ಅಂದರೆ ಕಟ್ಟಿಗೆ ಹಳಿಯ ಮೇಲೆ ಏರಿಳಿಯುವ ರೋಲರ್ ಕೋಸ್ಟರಿಗೆ, ಇವತ್ತಿಗೂ ಮನುಷ್ಯರೇ ನಿಂತು ಬ್ರೇಕ್ ಹಾಕುತ್ತಾರೆ ಎಂದಿದ್ದೆ. ಅದನ್ನು ಓದಿ ಬಹಳ ಪತ್ರ ಬಂದಿವೆ. ಮಗನೋ ಮಗಳೋ ಮೆಲ್ಬರ್ನ್‌ನಲ್ಲಿರುವ ಮನೆ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಓಣಿಗೊಂದು ಸಿಗುತ್ತದೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಗೊಬ್ಬರ ಗ್ಯಾಸ್ ಮತ್ತು ಬೋರ್‌ವೆಲ್ ಮೋಟಾರಿನ ಪ್ರಶ್ನೆಗಳನ್ನು ಮುಂದಿನ ತಿಂಗಳು ತೆಗೆದುಕೊಳ್ಳುತ್ತೇನೆ.

ನನಗೆ 64, ನಮ್ಮವರಿಗೆ 70. ಮೆಲ್ಬರ್ನ್‌ನಲ್ಲಿ ಮಗಳ ಮನೆಗೆ ಹೊರಟಿದ್ದೇವೆ. ಮೊಮ್ಮಗಳು ಲೂನಾ ಪಾರ್ಕ್ ತೋರಿಸುತ್ತೇನೆ ಅನ್ನುತ್ತಾಳೆ. ನಮ್ಮವರು "ಅದು ಹುಡುಗರ ಜಾಗ, ನೂರು ವರ್ಷದ ಕಟ್ಟಿಗೆ ಮೇಲೆ ಯಾರು ಕೂಡ್ತಾರೆ" ಅಂತಾರೆ. ಹೋಗಬೇಕೋ ಬೇಡವೋ?
ನಿವೃತ್ತ ಶಿಕ್ಷಕಿ, ಸಪ್ತಾಪುರ, ಧಾರವಾಡ

ಹೋಗಿ ಅಕ್ಕಾವ್ರೇ. ಯಜಮಾನರನ್ನೂ ಕರೆದುಕೊಂಡು ಹೋಗಿ. ಮೊಮ್ಮಗಳು ಕೈ ಹಿಡಿದು ಕರೆಯುವ ವಯಸ್ಸು ಬಹಳ ದಿನ ಇರುವುದಿಲ್ಲ.

ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ಮೆಲ್ಬರ್ನ್‌ನ ಸೇಂಟ್ ಕಿಲ್ಡಾ ಎಂಬ ಕಡಲ ದಂಡೆಯ ಬಡಾವಣೆಯಲ್ಲಿ 1912ರ ಡಿಸೆಂಬರ್ 13ರಂದು ಈ ಪಾರ್ಕ್ ಬಾಗಿಲು ತೆರೆಯಿತು. ಹೆಸರು ಮಾತ್ರ ನ್ಯೂಯಾರ್ಕಿನದು. ಅಲ್ಲಿಯ ಕೋನಿ ಐಲೆಂಡ್‌ನಲ್ಲಿ 1903ರಲ್ಲಿ ಮೊದಲ ಲೂನಾ ಪಾರ್ಕ್ ಶುರುವಾಗಿತ್ತು. ಅದರ ನಂತರ ಊರೂರಿಗೆ ಲೂನಾ ಪಾರ್ಕ್‌ಗಳು ಎದ್ದವು. ನ್ಯೂಯಾರ್ಕಿನ ಆ ಮೂಲ ಪಾರ್ಕ್ 1944ರಲ್ಲಿ ಬೆಂಕಿಗೆ ಹೋಯಿತು. ಮೆಲ್ಬರ್ನ್‌ನದು ಉಳಿಯಿತು.

ಬಾಗಿಲು ಅಂದೆನಲ್ಲ, ಅದು ಬಾಗಿಲಲ್ಲ, ಬಾಯಿ. ದೊಡ್ಡದೊಂದು ಚಂದ್ರನ ಮುಖ, ಕಣ್ಣು ಅಗಲ, ಬಾಯಿ ಪೂರ್ತಿ ತೆರೆದಿದೆ, ಮೇಲೆ ಹಲ್ಲಿನ ಸಾಲು. ಅದರೊಳಗೆ ನಡೆದೇ ಜನ ಒಳಗೆ ಹೋಗಬೇಕು. ಊರಿನವರು ಪ್ರೀತಿಯಿಂದ ಮಿಸ್ಟರ್ ಮೂನ್ ಅನ್ನುತ್ತಾರೆ. ನಾನು ಮಗನ ಮನೆಗೆ ಹೋದಾಗ ನೋಡಿದೆ. ಸಣ್ಣ ಕೂಸುಗಳು ಆ ಹಲ್ಲಿನ ಕೆಳಗೆ ಬಂದ ಕೂಡಲೇ ಅಪ್ಪನ ಕುತ್ತಿಗೆಗೆ ಬಿಗಿಯಾಗಿ ಜೋತು ಬೀಳುತ್ತಿದ್ದವು. ದಾಟಿದ ಮೇಲೆ ತಿರುಗಿ ನೋಡಿ ನಗುತ್ತಿದ್ದವು.

ಈಗ ಆ ಕಟ್ಟಿಗೆ ರೈಲು. ಗ್ರೇಟ್ ಸೀನಿಕ್ ರೈಲ್ವೆ ಅಂತ ಹೆಸರು. ಪಾರ್ಕ್ ತೆರೆದ ದಿನದಿಂದಲೂ ಇದೆ. ಜಗತ್ತಿನಲ್ಲಿ ಇದಕ್ಕಿಂತ ಹಳೆಯದೊಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೆ, 1902ರದು. ಆದರೆ ಅದು 1985ರಿಂದ 1999ರವರೆಗೆ ನಿಂತೇಹೋಗಿತ್ತು. ಅಷ್ಟು ವರ್ಷ ನಿಲ್ಲದೆ, ಸತತವಾಗಿ ಓಡಿಕೊಂಡು ಬಂದ ರೋಲರ್ ಕೋಸ್ಟರ್‌ಗಳಲ್ಲಿ ಮೆಲ್ಬರ್ನ್‌ನದೇ ಹಿರಿಯದು. ಹಳಿ ಪಾರ್ಕಿನ ಅಂಚಿಗೆ ಸುತ್ತು ಹಾಕುತ್ತದೆ. ಉದ್ದ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮೇ 1,507 ಮೀಟರ್ ಇದೆ, ಹಾಗಾಗಿ ಉದ್ದದಲ್ಲಿ ಇದು ದೊಡ್ಡ ರೈಲಲ್ಲ. ಎತ್ತರದಲ್ಲೂ ಈಗಿನ ಕೋಸ್ಟರ್‌ಗಳ ಮುಂದೆ ತಗ್ಗೇ. ತಲೆಕೆಳಗಾಗುವುದಿಲ್ಲ, ಗಿರಕಿ ಹೊಡೆಯುವುದಿಲ್ಲ. ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ, ಅಷ್ಟೇ. ಮೇಲಿನ ತಿರುವಿನಲ್ಲಿ ಒಂದು ಕಡೆ ಪೋರ್ಟ್ ಫಿಲಿಪ್ ಕೊಲ್ಲಿಯ ನೀರು, ಇನ್ನೊಂದು ಕಡೆ ಊರು ಕಾಣುತ್ತದೆ. ಕಡಲಗಾಳಿ ಮುಖಕ್ಕೆ ಬಡಿಯುತ್ತದೆ. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿ ಕುಲುಕು.

ಕುಲುಕು ಬಗ್ಗೆ ಒಂದು ಮಾತು. ಕಟ್ಟಿಗೆ ಕಟ್ಟಣ ಅಲ್ಲಾಡುತ್ತದೆ, ಸದ್ದು ಮಾಡುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಅದು ಅಲ್ಲಾಡಲೇಬೇಕು. ಭಾರ ಬಿದ್ದಾಗ ಬಾಗಿ, ಭಾರ ಹೋದಾಗ ತನ್ನ ಜಾಗಕ್ಕೆ ಬರುವುದು ಒಳ್ಳೆಯ ಕಟ್ಟಿಗೆಯ ಗುಣ. "ನೂರು ವರ್ಷದ ಕಟ್ಟಿಗೆ" ಅಂತ ಯಜಮಾನರು ಹೇಳಿದ್ದಕ್ಕೂ ಉತ್ತರ ಇದೆ. ಇಂಥ ಹಳಿಯಲ್ಲಿ ಹಲಗೆ ಸವೆದಂತೆ ಅದೊಂದನ್ನೇ ಬಿಚ್ಚಿ ಹೊಸದು ಕೂಡಿಸುತ್ತಾರೆ. ವರ್ಷವಿಡೀ ನಡೆಯುವ ಕೆಲಸ ಅದು. ರೂಪ 1912ರದು, ಹಲಗೆ ಹೊಸದಿರಬಹುದು.

ಆದರೂ ನಿಜವಾದ ಎಚ್ಚರಿಕೆ ಹೇಳಬೇಕು. ಬೆನ್ನಿನ ಡಿಸ್ಕ್, ಕುತ್ತಿಗೆ ನೋವು, ಹೃದಯದ ತೊಂದರೆ ಇದ್ದವರು ಈ ರೈಲು ಹತ್ತಬಾರದು. ಇಬ್ಬರೂ ಹೊರಡುವ ಮೊದಲು ಧಾರವಾಡದಲ್ಲೇ ನಿಮ್ಮ ಡಾಕ್ಟರನ್ನು ಕೇಳಿ. ಪ್ರವಾಸದ ಇನ್ಶೂರೆನ್ಸ್‌ಗೆ ಹೇಗೂ ಅವರ ಹತ್ತಿರ ಹೋಗುತ್ತೀರಲ್ಲ. ಅವರು ಹೂಂ ಅಂದರೆ ಹತ್ತಿ. ಮಂಡಿ ನೋವು ಒಂದೇ ಆಗಿದ್ದರೆ ಅಷ್ಟು ಚಿಂತೆ ಇಲ್ಲ, ಆದರೆ ಬೋಗಿಯೊಳಗೆ ಇಳಿಯುವಾಗ, ಏಳುವಾಗ ಮೊಮ್ಮಗಳ ಭುಜ ಹಿಡಿಯಿರಿ.

ಎಲ್ಲಿ ಕೂಡಬೇಕು? ತೀರಾ ಹಿಂದೆ ಬೇಡ. ಕೊನೆಯ ಬೋಗಿಯನ್ನು ಇಳಿಜಾರಿನಲ್ಲಿ ಮುಂದಿನವು ಜಗ್ಗುತ್ತವೆ, ಸೀಟಿನಿಂದ ಎತ್ತಿ ಒಗೆದಂತಾಗುತ್ತದೆ. ನಡುವೆ ಕೂಡಿರಿ. ಅಲ್ಲಿ ಬ್ರೇಕ್ ಹಾಕುವವರು ನಿಂತಿರುತ್ತಾರೆ. ಅವರ ಬೆನ್ನ ಹಿಂದಿನ ಸಾಲು ಸಿಕ್ಕರೆ ಬಿಡಬೇಡಿ.

ನಾನು ಹತ್ತಿದಾಗ ಅಲ್ಲಿದ್ದವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಬೋಗಿಗಳ ನಡುವೆ ನಿಂತಿದ್ದಳು, ಎದುರಿಗೆ ಉದ್ದ ಹಿಡಿಕೆ. ಕೈಯಲ್ಲಿ ಸವೆದ ತೊಗಲಿನ ಗ್ಲೌಸ್. ನಾವೆಲ್ಲ ಸೀಟಿನಲ್ಲಿ ಕಂಬಿ ಹಿಡಿದು ಕೂತಿದ್ದರೆ ಅವಳು ಮಂಡಿ ಸ್ವಲ್ಪ ಬಾಗಿಸಿ ನಿಂತೇ ಇದ್ದಳು. ಇಳಿಜಾರು ಬರುವ ಮೊದಲು ಮೈ ಹಿಂದಕ್ಕೆ ಹಾಕುತ್ತಿದ್ದಳು. ತಿರುವಿಗೆ ಮುಂಚೆ ಹಿಡಿಕೆ ಎಳೆದು ಕೂಡಲೇ ಬಿಡುತ್ತಿದ್ದಳು. ಮತ್ತೆ ಎಳೆತ, ಮತ್ತೆ ಬಿಡುವುದು. ಒಂದೇ ಸಲ ಗಟ್ಟಿಯಾಗಿ ಎಳೆದು ಹಿಡಿಯಲಿಲ್ಲ. ಹಿಂದಿನ ಸಾಲಿನವರು ಕೂಗಿದರು, ಮುಂದಿನವರು ಕೈ ಎತ್ತಿದರು, ಅವಳ ಕಣ್ಣು ಹಳಿ ಬಿಟ್ಟು ಅಲುಗಲಿಲ್ಲ. ಕೆಳಗೆ ಬಂದು ನಿಂತಾಗ ಪ್ಲಾಟ್‌ಫಾರ್ಮಿಗೂ ಬೋಗಿಗೂ ಸರಿಯಾಗಿ ಹೊಂದಿಸಿ ನಿಲ್ಲಿಸಿದಳು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ನೌಕರಿ ಪೂರ್ತಿ ಬ್ರೇಕ್ ಕೆಲಸದಲ್ಲೇ ಕಳೆದವನು ನಾನು. ಅಷ್ಟು ನಯವಾಗಿ ಗಾಡಿ ನಿಲ್ಲಿಸುವ ಕೈ ನನಗೆ ಬಹಳ ಕಂಡಿಲ್ಲ.

ಇಳಿದ ಮೇಲೆ ಅವರಿಗೊಂದು ಥ್ಯಾಂಕ್ಸ್ ಹೇಳಿ ಬನ್ನಿ. ಬಸ್ ಇಳಿಯುವಾಗ ಡ್ರೈವರಿಗೂ ಹೇಳುವ ರೂಢಿ ಆ ಊರಲ್ಲಿದೆ.

ಇನ್ನೊಂದು. ಮಗಳಿಗೆ ಹೇಳಿ, ಪಾರ್ಕ್ ತೆರೆದಿರುವ ದಿನ ನೋಡಿಕೊಂಡು ಕರೆದೊಯ್ಯಲಿ. ಶನಿವಾರ, ಭಾನುವಾರ, ಶಾಲೆ ರಜೆಯಲ್ಲಿ ಜೋರು. ವಾರದ ನಡುವೆ ಮುಚ್ಚಿರುವ ದಿನಗಳು ಜಾಸ್ತಿ. ಅವರ ಬೇಸಿಗೆ ಡಿಸೆಂಬರಿನಿಂದ ಫೆಬ್ರುವರಿ. ಆದರೂ ಸ್ವೆಟರ್ ಒಯ್ಯಿರಿ. ಮೆಲ್ಬರ್ನ್‌ನಲ್ಲಿ ಒಂದೇ ದಿನ ನಾಲ್ಕೂ ಋತು ಬರುತ್ತವೆ ಅಂತ ಅಲ್ಲಿಯವರೇ ಹೇಳುತ್ತಾರೆ.

ಈಗ ಎಲ್ಲದಕ್ಕೂ ಸೆನ್ಸರ್, ಕಂಪ್ಯೂಟರ್ ಇದೆ. ಹಾಗಿದ್ದ ಮೇಲೆ ಮನುಷ್ಯನನ್ನು ಯಾಕೆ ನಿಲ್ಲಿಸಬೇಕು? ಸುಮ್ನೆ ಪ್ರವಾಸಿಗರಿಗೆ ತೋರಿಸಲಿಕ್ಕೆ ಇಟ್ಟಿದ್ದಾರಾ?
ಡಿಪ್ಲೊಮಾ ವಿದ್ಯಾರ್ಥಿ, ಕೇಶ್ವಾಪುರ, ಹುಬ್ಬಳ್ಳಿ

ತೋರಿಸಲಿಕ್ಕಲ್ಲ ತಮ್ಮಾ. ಆ ರೈಲು ಕಟ್ಟಿರುವ ರೀತಿಯೇ ಹಾಗಿದೆ.

ಹೊಸ ರೋಲರ್ ಕೋಸ್ಟರಿನ ಬೋಗಿಗೆ 3 ಥರದ ಗಾಲಿ ಇರುತ್ತವೆ. ಹಳಿಯ ಮೇಲೆ ಓಡುವುದು ಒಂದು, ಪಕ್ಕಕ್ಕೆ ಒತ್ತುವುದು ಒಂದು, ಹಳಿಯ ಕೆಳಗಿನಿಂದ ಹಿಡಿದುಕೊಳ್ಳುವುದು ಒಂದು. ಈ ಮೂರನೆಯದಕ್ಕೆ ಅಮೆರಿಕದ ಜಾನ್ ಮಿಲ್ಲರ್ ಎಂಬ ಎಂಜಿನಿಯರ್ 1919ರಲ್ಲಿ ಪೇಟೆಂಟ್ ಪಡೆದ. ಅದು ಬಂದ ಮೇಲೆ ಬೋಗಿ ಹಳಿ ಬಿಟ್ಟು ಮೇಲೇಳುವ ಹೆದರಿಕೆ ಹೋಯಿತು. ಆಮೇಲೆ ಕಡಿದಾದ ಇಳಿಜಾರುಗಳನ್ನು ಧೈರ್ಯವಾಗಿ ಕಟ್ಟಲು ಸಾಧ್ಯವಾಯಿತು.

ಮೆಲ್ಬರ್ನ್ ರೈಲು ಅದಕ್ಕೂ 7 ವರ್ಷ ಮೊದಲಿನದು. ಅದಕ್ಕೆ ಕೆಳಗಿನ ಗಾಲಿ ಇಲ್ಲ. ಬೋಗಿಯನ್ನು ಹಳಿಯ ಮೇಲೆ ಕೂಡಿಸಿರುವುದು ಅದರ ಸ್ವಂತ ತೂಕ. ಎರಡೂ ಬದಿಯ ಅಂಚು ಅದನ್ನು ಆಚೀಚೆ ಹೋಗದಂತೆ ತಡೆಯುತ್ತದೆ. ಎರೆ ಹೊಲದ ಹಾದಿಯಲ್ಲಿ ಚಕ್ಕಡಿ ಗಾಲಿ ತಾನೇ ಕೊರೆದ ಕೊರಕಲಿನಲ್ಲಿ ಹೋಗುತ್ತದಲ್ಲ, ಹಾಗೆ. ಏರನ್ನು ಜೋರಾಗಿ ದಾಟಿದರೆ ಬೋಗಿ ಎದ್ದುಬಿಡಬಹುದು. ಹಾಗಾಗಿ ಪ್ರತಿ ಇಳಿಜಾರಿನಲ್ಲೂ ಓಟ ಎಷ್ಟಿರಬೇಕು ಎಂದು ಯಾರಾದರೂ ನೋಡಿಕೊಳ್ಳಲೇಬೇಕು.

ಆ ಲೆಕ್ಕ ದಿನಕ್ಕೊಂದು ಥರ, ಹೊತ್ತಿಗೊಂದು ಥರ. ಬೆಳಗ್ಗೆ ಥಂಡಿಗೆ ಗ್ರೀಸ್ ಗಟ್ಟಿಯಾಗಿ ಗಾಡಿ ನಿಧಾನ ಇರುತ್ತದೆ. ಮಧ್ಯಾಹ್ನ ಬಿಸಿಲಿಗೆ ಗ್ರೀಸ್ ಇಳಿದು ಓಟ ಜಾಸ್ತಿಯಾಗುತ್ತದೆ. ಬೋಗಿ ತುಂಬ ದೊಡ್ಡವರಿದ್ದರೆ ಒಂದು ಓಟ, ಶಾಲೆ ಹುಡುಗರಿದ್ದರೆ ಇನ್ನೊಂದು. ಎದುರು ಗಾಳಿ ಇದ್ದರೆ ಬೇರೆ. ಮಳೆಯಾಗಿ ಬ್ರೇಕಿನ ಜಾಗ ಒದ್ದೆಯಾದರೆ ಮತ್ತೂ ಬೇರೆ. ಬ್ರೇಕ್ ಜಾಸ್ತಿ ಹಾಕಿದರೂ ಕೆಲಸ ಕೆಟ್ಟಿತು, ಮುಂದಿನ ಏರು ಹತ್ತುವಷ್ಟು ಓಟ ಉಳಿಯದೆ ಗಾಡಿ ನಡುವೆಯೇ ನಿಲ್ಲುತ್ತದೆ. ಏಕೆಂದರೆ ಇದಕ್ಕೆ ಎಂಜಿನ್ ಇಲ್ಲ. ಮೋಟಾರು ಮೇಲಕ್ಕೆ ಎಳೆದು ಬಿಡುತ್ತದೆ. ಅಲ್ಲಿಂದ ಮುಂದೆ ಭೂಮಿಯ ಸೆಳೆತವೊಂದೇ.

ನಮ್ಮ ಕಡೆ ಮೀಟರ್ ಗೇಜ್ ಇದ್ದ ಕಾಲದಲ್ಲಿ ಬೋಗಿಗಳಿಗೆ ಪೈಪಿನ ಗಾಳಿ ಹೀರಿ ನಡೆಸುವ ವ್ಯಾಕ್ಯೂಮ್ ಬ್ರೇಕ್ ಇತ್ತು, ಈಗ ಒತ್ತಿ ತುಂಬಿದ ಗಾಳಿಯಿಂದ ನಡೆಯುವ ಏರ್ ಬ್ರೇಕ್. ಎರಡರಲ್ಲೂ ಒಂದು ಒಳ್ಳೆಯ ಗುಣ, ಪೈಪ್ ಕಿತ್ತುಹೋದರೆ ಬ್ರೇಕ್ ತಾನೇ ಹತ್ತಿ ಗಾಡಿ ನಿಲ್ಲುತ್ತದೆ. ಹೊಸ ಕೋಸ್ಟರಿನ ಹಳಿಯಲ್ಲೇ ಕೂಡಿಸಿರುವ ಬ್ರೇಕ್‌ಗಳಿಗೂ ಅದೇ ನಿಯಮ. ಕರೆಂಟ್ ಹೋದರೆ, ಗಾಳಿ ಹೋದರೆ ನಿಲ್ಲಬೇಕು. ಕಂಪ್ಯೂಟರಿಗೆ ಆ ಕೆಲಸ ಚೆನ್ನಾಗಿ ಬರುತ್ತದೆ, ನಾನು ಅದನ್ನು ಕಡಿಮೆ ಅನ್ನುವುದಿಲ್ಲ. ಆದರೆ 1912ರ ಬೋಗಿಗೆ ಹೊಸ ಗಾಲಿ, ಹೊಸ ಹಳಿ, ಹೊಸ ಬ್ರೇಕ್ ಹಾಕಿದರೆ ಉಳಿಯುವುದು ಏನು? ಹೆಸರು ಅಷ್ಟೇ. ಅವರು ಅದನ್ನು ಬದಲಿಸದೆ, ಆ ಕೈಚಳಕವನ್ನು ಹೊಸ ಹುಡುಗ ಹುಡುಗಿಯರಿಗೆ ಕಲಿಸುತ್ತ ಬಂದರು. ನನಗೆ ಇದು ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ. ಯಂತ್ರ ಉಳಿಸುವುದು ಸುಲಭ, ಅದನ್ನು ಓಡಿಸುವ ಕೈ ಉಳಿಸುವುದು ಕಷ್ಟ.

ನೀನು ಮೆಕ್ಯಾನಿಕಲ್ ಓದುವವನಾದ್ದರಿಂದ ಇದರ ಹುಟ್ಟಿನ ಕಥೆಯನ್ನೂ ಹೇಳಿಬಿಡುತ್ತೇನೆ. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ ಗುಡ್ಡದ ಮೇಲೆ ಕಲ್ಲಿದ್ದಲು ಗಣಿ ಇತ್ತು. 1827ರಲ್ಲಿ ಅಲ್ಲಿಂದ ಕೆಳಗಿನ ಹೊಳೆಯವರೆಗೆ ಹಳಿ ಹಾಕಿದರು. ತುಂಬಿದ ವ್ಯಾಗನ್ನುಗಳು ಇಳಿಜಾರಿನಲ್ಲಿ ತಾವೇ ಕೆಳಗೆ ಬರುತ್ತಿದ್ದವು, ಬ್ರೇಕ್ ಹಿಡಿಯಲು ಮನುಷ್ಯ ಇರುತ್ತಿದ್ದ. ಖಾಲಿ ವ್ಯಾಗನ್ನುಗಳನ್ನು ಮೇಲಕ್ಕೆ ಎಳೆಯುವುದು ಹೇಸರಗತ್ತೆಗಳ ಕೆಲಸ. ಅವು ಕೆಳಗೆ ಬರುವಾಗ ತಮ್ಮದೇ ವ್ಯಾಗನ್ನಿನಲ್ಲಿ ನಿಂತು ಬರುತ್ತಿದ್ದವು. ಮುಂದೆ ಕಲ್ಲಿದ್ದಲಿಗೆ ಬೇರೆ ದಾರಿಯಾಯಿತು. ಆದರೆ ಆ ಹಳಿಯ ಮೇಲೆ ದುಡ್ಡು ಕೊಟ್ಟು ಇಳಿದು ಬರಲು ಜನ ಸಾಲು ನಿಂತರು. ಲಾಮಾರ್ಕಸ್ ಥಾಂಪ್ಸನ್ ಎಂಬಾತ 1884ರಲ್ಲಿ ಕೋನಿ ಐಲೆಂಡ್‌ನಲ್ಲಿ ಕೇವಲ ಮೋಜಿಗಾಗಿಯೇ ಇಂಥ ಹಳಿ ಕಟ್ಟಿದ. ಒಂದು ಸುತ್ತಿಗೆ 5 ಸೆಂಟ್. ಆಮೇಲೆ ಅದನ್ನೇ ಬೆಳೆಸಿ ಸೀನಿಕ್ ರೈಲ್ವೆ ಅಂತ ಮಾಡಿದ. ಮೆಲ್ಬರ್ನ್‌ನದು ಅದೇ ಜಾತಿಯದು. ಮಾಕ್ ಚಂಕ್‌ನ ಆ ಬ್ರೇಕ್ ಮನುಷ್ಯನ ಕೆಲಸವೇ ಹೀಗೆ ಮೆಲ್ಬರ್ನ್‌ವರೆಗೆ ಬಂದು ನಿಂತಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲೂ ಇದೆ. ಅಲ್ಲಿಯ ಟಿವೊಲಿ ಪಾರ್ಕ್ 1843ರದು, ಅದರ ಕಟ್ಟಿಗೆ ಕೋಸ್ಟರ್ 1914ರದು. ಅಲ್ಲೂ ಮನುಷ್ಯನೇ ಬ್ರೇಕ್ ಹಾಕುತ್ತಾನೆ. ಇಂಥವು ಈಗ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ನಮ್ಮ ಅತ್ತೆಯವರು ಇಳಕಲ್ ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಅವರನ್ನು ಕರೆದುಕೊಂಡು ಹೋದರೆ ಅಲ್ಲಿ ಅವರು ಏನು ಮಾಡಬೇಕು? ಸುಮ್ನೆ ಬೆಂಚಿನ ಮೇಲೆ ಕೂಡಬೇಕಾ?
ಓದುಗರು, ಬೆಟಗೇರಿ

ಯಾಕೆ ಬೆಂಚಿನ ಮೇಲೆ ತಂಗೀ? ಅವರಿಗಾಗಿ ಕುದುರೆ ಇವೆ.

ಅಲ್ಲಿಯ ತಿರುಗುವ ಕುದುರೆಗಳ ಕ್ಯಾರೊಸೆಲ್ ಅಮೆರಿಕದ ಫಿಲಡೆಲ್ಫಿಯಾ ಟೊಬೊಗನ್ ಕಂಪನಿ 1913ರಲ್ಲಿ ಮಾಡಿದ್ದು. ಲೂನಾ ಪಾರ್ಕಿಗೆ ಬಂದದ್ದು 1923ರಲ್ಲಿ. ಒಟ್ಟು 68 ಕುದುರೆ, ಎಲ್ಲವೂ ಕಟ್ಟಿಗೆಯಲ್ಲಿ ಕೆತ್ತಿದವು. ಜೂಲು, ಜೀನು, ಹೂಮಾಲೆ ಎಲ್ಲ ಕೆತ್ತನೆಯಲ್ಲೇ ಇದೆ. ಕುದುರೆ ಹತ್ತಲಾರದವರಿಗೆ ನಡುವೆ ರಥದಂಥ 2 ಆಸನಗಳಿವೆ. ಸೀರೆ ಉಟ್ಟವರು ಅದರಲ್ಲಿ ಆರಾಮಾಗಿ ಕೂಡಬಹುದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು. ನೇಕಾರರ ಮನೆಯವರಾದರೆ ಒಂದು ಕೆಲಸ ಮಾಡಲು ಹೇಳಿ. ಹೊರಗಿನ ಸಾಲಿನ ಕುದುರೆಗಳ ಬಲಬದಿ, ಎಡಬದಿ ಎರಡನ್ನೂ ನೋಡಲಿ. ಅಮೆರಿಕದಲ್ಲಿ ಕೆತ್ತಿದ ಕುದುರೆಗಳಿಗೆ ಜನರಿಗೆ ಕಾಣುವ ಬದಿಯಲ್ಲಿ ಅಲಂಕಾರ ಜಾಸ್ತಿ, ಒಳಬದಿಯಲ್ಲಿ ಕಡಿಮೆ. ಕೈಕೆಲಸ ಬಲ್ಲವರಿಗೆ ಕೂಡಲೇ ಗೊತ್ತಾಗುತ್ತದೆ.

ಪಾರ್ಕಿನಿಂದ ಹೊರಬಂದರೆ ಹತ್ತಿರದಲ್ಲೇ ಆಕ್ಲಂಡ್ ಸ್ಟ್ರೀಟ್. ಯುರೋಪಿನಿಂದ ವಲಸೆ ಬಂದ ಯಹೂದಿಗಳು ಹಾಕಿದ ಹಳೆಯ ಕೇಕ್ ಅಂಗಡಿಗಳು ಅಲ್ಲಿವೆ. ಅತ್ತೆಯವರು ಮೊಟ್ಟೆ ತಿನ್ನದಿದ್ದರೆ ಕೇಳಿ ಕೊಳ್ಳಿ, ಹೆಚ್ಚಿನವಕ್ಕೆ ಮೊಟ್ಟೆ ಹಾಕಿರುತ್ತಾರೆ. ಅಂಗಡಿ ಗಾಜಿನಲ್ಲಿ ಜೋಡಿಸಿಟ್ಟಿದ್ದನ್ನು ನೋಡಲಿಕ್ಕಂತೂ ದುಡ್ಡಿಲ್ಲ.

ಮಗನಿಗೆ ಪೇಡಾ ಒಯ್ಯಬಹುದೇ? ಕಡಲ ದಂಡೆಯಲ್ಲಿ ಕೂತು ತಿನ್ನೋಣ ಅಂತ ಆಸೆ.
ಓದುಗರು, ಮಾಳಮಡ್ಡಿ, ಧಾರವಾಡ

ಬೇಡ ಸರ್. ಆಸ್ಟ್ರೇಲಿಯಾದಲ್ಲಿ ಹಾಲಿನ ಪದಾರ್ಥಕ್ಕೆ ಬಹಳ ಬಿಗಿ, ಅವರ ದನಕರುಗಳಿಗೆ ಕಾಲುಬಾಯಿ ರೋಗ ಬಾರದಿರಲಿ ಅಂತ. ತಿನ್ನುವ ವಸ್ತು ಏನೇ ಒಯ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ದೊಡ್ಡ ದಂಡ ಬೀಳುತ್ತದೆ. ತೋರಿಸಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ. ಮಗ ಊರಿಗೆ ಬಂದಾಗ ಲೈನ್ ಬಜಾರಿನಲ್ಲಿ ಬಿಸಿ ಪೇಡಾ ಕೊಡಿಸಿ.

ಹಳೆಯದನ್ನು ಕಾಯ್ದುಕೊಳ್ಳಲು ಇಷ್ಟು ಖರ್ಚು ಯಾಕೆ? ಕೆಡವಿ ಹೊಸದು ಕಟ್ಟಿದರೆ ಸುರಕ್ಷಿತವೂ ಹೌದು, ದುಡ್ಡೂ ಹುಟ್ಟುತ್ತದೆ. ನೀವು ಹಳೆ ಯಂತ್ರ ಅಂದರೆ ಕಣ್ಣು ಮುಚ್ಚಿ ಹೊಗಳುತ್ತೀರಿ.
ವ್ಯಾಪಾರಿ, ಹಾವೇರಿ

ನಿಮ್ಮ ಮಾತಿನಲ್ಲಿ ಒಂದು ಭಾಗ ಸರಿ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಹತ್ತಬಾರದು. ಲೂನಾ ಪಾರ್ಕ್ ಹೆಸರಿನದೇ ಇನ್ನೊಂದು ಪಾರ್ಕ್ ಸಿಡ್ನಿಯಲ್ಲಿದೆ. ಅಲ್ಲಿ 1979ರ ಜೂನ್‌ನಲ್ಲಿ ಘೋಸ್ಟ್ ಟ್ರೇನ್ ಎಂಬ ಆಟಕ್ಕೆ ಬೆಂಕಿ ಹತ್ತಿ 7 ಜನ ಸತ್ತರು, ಅದರಲ್ಲಿ 6 ಮಕ್ಕಳು. ಬೆಂಕಿ ಹೇಗೆ ಹತ್ತಿತು ಎಂಬ ವಾದ ಇನ್ನೂ ಮುಗಿದಿಲ್ಲ. ಆರಿಸುವ ವ್ಯವಸ್ಥೆ ಸಾಲಲಿಲ್ಲ ಎಂಬುದರಲ್ಲಿ ವಾದವಿಲ್ಲ. ಆ ಮಕ್ಕಳ ವಿಷಯ ಓದಿದ ಮೇಲೆ ನಾನು ಯಾವುದೇ ಪಾರ್ಕಿಗೆ ಹೋದರೂ ಹೊರಬರುವ ದಾರಿ ಎಲ್ಲಿದೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂದು ನೋಡುತ್ತೇನೆ. ನೀವೂ ನೋಡಿ.

ಆದರೆ ಕೆಡವಿದರೆ ದುಡ್ಡು ಹುಟ್ಟುತ್ತದೆ ಎಂಬುದನ್ನು ಒಪ್ಪಲಾರೆ. ಮೆಲ್ಬರ್ನ್‌ನ ಲೂನಾ ಪಾರ್ಕಿನಲ್ಲೇ ಬಿಗ್ ಡಿಪ್ಪರ್ ಅಂತ ಇನ್ನೊಂದು ದೊಡ್ಡ ಕಟ್ಟಿಗೆ ಕೋಸ್ಟರ್ ಇತ್ತು, 1923ರದು. 1989ರಲ್ಲಿ ಕೆಡವಿದರು. ಇವತ್ತು ದೂರದೂರಿನಿಂದ ಜನ ಆ ಪಾರ್ಕಿಗೆ ಬರುವುದು ಏನು ನೋಡಲಿಕ್ಕೆ? ಉಳಿದ ಸೀನಿಕ್ ರೈಲ್ವೆ, ಚಂದ್ರನ ಮುಖ, ಕ್ಯಾರೊಸೆಲ್ ನೋಡಲಿಕ್ಕೆ. ಕಬ್ಬಿಣದ ಹೊಸ ಆಟ ದುಡ್ಡಿದ್ದರೆ ಯಾವ ಊರಲ್ಲಾದರೂ ತಂದು ನಿಲ್ಲಿಸಬಹುದು. ಪಾರ್ಕು ಈಗ ವಿಕ್ಟೋರಿಯಾ ರಾಜ್ಯದ ಪರಂಪರೆಯ ಪಟ್ಟಿಯಲ್ಲಿದೆ. ಹಾಗಾಗಿ ಮನಸ್ಸಿಗೆ ಬಂದಂತೆ ಕೆಡವುವ ಹಾಗಿಲ್ಲ.

ಅಲ್ಲಿಗೆ ಹೋಗುವ ಟ್ರಾಮಿನ ಕಥೆಯೂ ಅದೇ. ಊರ ನಡುವಿನಿಂದ ಸೇಂಟ್ ಕಿಲ್ಡಾಕ್ಕೆ 96ನೇ ನಂಬರಿನ ಟ್ರಾಮ್ ಹೋಗುತ್ತದೆ. ಅದು ಬಹುದೂರ ಓಡುವುದು 1857ರ ಹಳೆಯ ರೈಲ್ವೆ ದಾರಿಯ ಮೇಲೆ. 1987ರಲ್ಲಿ ರೈಲು ನಿಲ್ಲಿಸಿದರು, ಆದರೆ ದಾರಿಯನ್ನು ಮಾರಿ ಸೈಟ್ ಮಾಡಲಿಲ್ಲ. 1,600 ಮಿಲಿಮೀಟರಿನ ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಂತರವನ್ನು, 1,435ಕ್ಕೆ ಬದಲಿಸಿ ಟ್ರಾಮ್ ಓಡಿಸಿದರು. ಹಳೆಯ ಸ್ಟೇಶನ್ ಕಟ್ಟಡ ಈಗಲೂ ನಿಂತಿದೆ. ಇದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಮಗ ಇಳಿಯೋಣ ಅಂದರೂ ಕಿಟಕಿ ಬಿಡಲಿಲ್ಲ.

ಇನ್ನು ಸುರಕ್ಷತೆ. ನಮ್ಮ ರೈಲ್ವೆಯಲ್ಲಿ ಕೀಮನ್ ಅಂತ ಒಬ್ಬರು ಇರುತ್ತಾರೆ. ಸುತ್ತಿಗೆ, ಸ್ಪ್ಯಾನರ್ ಹೆಗಲಿಗೆ ಹಾಕಿಕೊಂಡು ದಿನಾ ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಾರೆ. ಸಡಿಲಾದದ್ದನ್ನು ಬಿಗಿ ಮಾಡುತ್ತಾರೆ. ಕಟ್ಟಿಗೆ ಕೋಸ್ಟರಿಗೂ ಹೀಗೆಯೇ ಬೆಳಗ್ಗೆ ಗೇಟ್ ತೆರೆಯುವ ಮೊದಲು ಜನ ಹಳಿಯ ಮೇಲೆ ನಡೆದು ನೋಡುತ್ತಾರೆ. ಆ ನಡಿಗೆ ನಿಂತರೆ ಹೊಸ ಯಂತ್ರವೂ ಅಪಾಯ.

ನಮ್ಮ ಸಿದ್ಧಾರೂಢ ಮಠದ ಜಾತ್ರೆಗೋ, ನಿಮ್ಮ ಹುಕ್ಕೇರಿ ಮಠದ ಜಾತ್ರೆಗೋ ಬರುವ ತೊಟ್ಟಿಲು ಹತ್ತುವ ಮೊದಲು ಇಷ್ಟು ನೋಡಿ. ಕಾಲಿನ ಕೆಳಗೆ ಇಟ್ಟಿರುವ ಕಟ್ಟಿಗೆ ದಿಮ್ಮಿ ನೆಲಕ್ಕೆ ಪೂರ್ತಿ ಕೂತಿದೆಯಾ? ಮಳೆಯಾಗಿ ಮಣ್ಣು ಸಡಿಲಾಗಿದೆಯಾ? ಕೂಡುವ ತೊಟ್ಟಿಲು ತೂಗುಹಾಕಿದ ಪಿನ್ನಿನ ತುದಿಯಲ್ಲಿ ಸಣ್ಣ ಸ್ಪ್ಲಿಟ್ ಪಿನ್ ಇರಬೇಕು, ಅದರ ಎರಡೂ ಕಾಲು ಅಗಲಿಸಿ ಬಗ್ಗಿಸಿರಬೇಕು. ಅದರ ಜಾಗದಲ್ಲಿ ಬರೀ ತಂತಿ ಸುತ್ತಿದ್ದರೆ ಹತ್ತಬೇಡಿ. ಕೊನೆಯದಾಗಿ ಓಡಿಸುವವನ ಕಣ್ಣು ನೋಡಿ. ಚಕ್ರದ ಮೇಲಿದ್ದರೆ ಹತ್ತಿ, ಮೊಬೈಲಿನ ಮೇಲಿದ್ದರೆ ಬೇಡ. ಈ ತೊಟ್ಟಿಲಿನವರು ಊರೂರು ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಾರೆ. ಅವರಲ್ಲಿ ಬಹಳ ಜಾಣ ಫಿಟ್ಟರ್‌ಗಳನ್ನು ನಾನು ನೋಡಿದ್ದೇನೆ. ಅವರ ಕೆಲಸಕ್ಕೂ ಯಾರಾದರೂ ಗೌರವ ಕೊಡಬೇಕು, ಅವರ ಯಂತ್ರವನ್ನೂ ಯಾರಾದರೂ ಸರಿಯಾಗಿ ತಪಾಸಣೆ ಮಾಡಬೇಕು.

ನಾನು ಐಟಿಐ ಫಿಟ್ಟರ್ ಓದುತ್ತಿದ್ದೇನೆ. ಆಸ್ಟ್ರೇಲಿಯಾಕ್ಕೆ ಹೋಗುವುದು ನಮ್ಮಿಂದ ಆಗದ ಮಾತು. ಕೈಯಿಂದ ಬ್ರೇಕ್ ಹಾಕುವ ಗಾಡಿ ನಮ್ಮ ಕಡೆ ಎಲ್ಲಾದರೂ ಇದೆಯೇ?
ವಿದ್ಯಾರ್ಥಿ, ಗದಗ

ಇದೆ ತಮ್ಮಾ, ಅದೂ ಮೆಲ್ಬರ್ನ್‌ನದಕ್ಕಿಂತ ಹಳೆಯದು.

ಊಟಿಯ ನೀಲಗಿರಿ ಬೆಟ್ಟದ ರೈಲು. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲಿ ಶುರುವಾಯಿತು, ಊಟಿಗೆ ತಲುಪಿದ್ದು 1908ರಲ್ಲಿ. 46 ಕಿಲೋಮೀಟರ್ ದಾರಿ. ಕೂನೂರಿನ ಕೆಳಗಿನ ಭಾಗದಲ್ಲಿ 12 ಅಡಿ ಮುಂದೆ ಹೋದರೆ 1 ಅಡಿ ಏರುವಷ್ಟು ಕಡಿದು. ಹಾಗಾಗಿ ಎರಡು ಹಳಿಯ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುತ್ತದೆ. ಎಂಜಿನ್ ಮುಂದಿನಿಂದ ಎಳೆಯುವುದಿಲ್ಲ, ಕೆಳಗಿನಿಂದ ದೂಡುತ್ತದೆ. ಅಂದರೆ ಡ್ರೈವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಪ್ರತಿ ಬೋಗಿಗೂ ಒಬ್ಬ ಬ್ರೇಕ್ಸ್‌ಮನ್ ನಿಂತಿರುತ್ತಾನೆ. ಎಲ್ಲಕ್ಕಿಂತ ಮುಂದಿನ ಬೋಗಿಯಲ್ಲಿರುವವನು ದಾರಿ ನೋಡಿ ಬಾವುಟ ತೋರಿಸುತ್ತಾನೆ. ಡ್ರೈವರ್ ಸೀಟಿ ಹೊಡೆದ ಹಾಗೆ ಉಳಿದವರು ಬ್ರೇಕ್ ಹಾಕುತ್ತಾರೆ, ಬಿಡುತ್ತಾರೆ. 2005ರಲ್ಲಿ ಇದು ಯುನೆಸ್ಕೊ ವಿಶ್ವಪರಂಪರೆಗೆ ಸೇರಿತು.

ಎರಡನೇ ದರ್ಜೆಯ ಟಿಕೆಟ್ ಸಾಕು, ಆದರೆ ಬಹಳ ಮೊದಲೇ ಬುಕ್ ಮಾಡು. ಕೆಳಗಿನಿಂದ ಮೇಲಕ್ಕೆ ಹೋಗುವಾಗ ಎಂಜಿನ್ನಿನ ಕೆಲಸ ನೋಡಬಹುದು. ಕೆಳಗೆ ಬರುವಾಗ ಬ್ರೇಕಿನ ಕೆಲಸ. ನೀನು ಫಿಟ್ಟರ್ ಆದ್ದರಿಂದ ಇಳಿಯುವ ಗಾಡಿಯನ್ನೇ ಹಿಡಿ.

ಅಷ್ಟು ದೂರ ಹೋಗುವ ಮೊದಲು ಹುಬ್ಬಳ್ಳಿಗೆ ಒಂದು ಭಾನುವಾರ ಬಾ. ಗದಗ ರಸ್ತೆಯಲ್ಲಿ ರೈಲ್ವೆ ಮ್ಯೂಸಿಯಂ ಇದೆ, 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಎಂಬ ಹಳೆಯ ಎರಡು ಮನೆಗಳಲ್ಲಿ ಹಳೆಯ ಸಾಮಾನು ಇಟ್ಟಿದ್ದಾರೆ, ಹೊರಗೆ ಹಳೆಯ ಬೋಗಿಗಳಿವೆ. ಅವುಗಳ ಕೆಳಗೆ ಬಗ್ಗಿ ನೋಡು. ಹಿಡಿಕೆಯಿಂದ ಸರಳು, ಸರಳಿನಿಂದ ಲಿವರ್, ಲಿವರಿನಿಂದ ಗಾಲಿಗೆ ಒತ್ತುವ ಬ್ರೇಕ್ ಬ್ಲಾಕ್, ಹೀಗೆ ಒಂದೊಂದೇ ಹಿಡಿದು ಹೋಗು. ಪ್ರತಿ ಲಿವರಿನ ತೂತಿನಿಂದ ತೂತಿಗೆ ಎಷ್ಟು ಅಂತರ ಇರಬಹುದು ಎಂದು ಅಂದಾಜು ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೋ. ಹಿಡಿಕೆಗೆ 20 ಕಿಲೊ ಬಲ ಹಾಕಿದರೆ ಗಾಲಿಯ ಮೇಲೆ ಎಷ್ಟು ಒತ್ತು ಬೀಳುತ್ತದೆ ಎಂದು ಲೆಕ್ಕ ಮಾಡು. ಉತ್ತರವನ್ನು ಚಿತ್ರ ಸಮೇತ ನನಗೆ ಕಳಿಸು, ತಪ್ಪಿದ್ದರೆ ತಿದ್ದಿ ಕಳಿಸುತ್ತೇನೆ. ಸರಿಯಿದ್ದರೆ ಇದೇ ಅಂಕಣದಲ್ಲಿ ಹಾಕುತ್ತೇನೆ.